ಟೊರಾಂಟೊಗೆ ಹನ್ನೆರಡೇ ಗಂಟೆ

ಜನವರಿ 9, ಶುಕ್ರವಾರ

ಈ ಡೈರಿ ಕೊಪ್ಪದ ಗೊಬ್ಬರದಂಗಡಿಯವರು ಹೊಸ ವರ್ಷಕ್ಕೆ ಕೊಟ್ಟಿದ್ದು. ಪ್ರತಿ ವರ್ಷವೂ ಒಂದು ಕೊಡುತ್ತಾರೆ. ನಾನು ಅದರಲ್ಲಿ ಜೀಪಿಗೆ ಹಾಕಿಸಿದ ಡೀಸೆಲ್ ಬರೆದು, ಫೆಬ್ರವರಿ ಹೊತ್ತಿಗೆ ಅದನ್ನೂ ಬಿಟ್ಟುಬಿಡುತ್ತೇನೆ. ಈ ಸಲ ಬೇರೆ ವಿಷಯಕ್ಕೆ ಬೇಕಾಗಿದೆ. ನನ್ನ ಗೊಣಗಾಟ ಕೇಳಿಸಿಕೊಳ್ಳುತ್ತಿದ್ದವಳು ಈ ಮನೆಯಲ್ಲಿ ಒಬ್ಬಳೇ. ಈಗ ಅವಳ ಮೇಲೆಯೇ ಗೊಣಗಬೇಕು, ಅವಳಿಲ್ಲ. ಗೊಬ್ಬರದ ಡೈರಿಯೇ ಗತಿ.

ನನ್ನ ಹೆಂಡತಿ ಪ್ರೇಮಾ ಇವತ್ತು ಕೆನಡಾಕ್ಕೆ ಹೊರಟಳು.

ಬಸರೀಕಟ್ಟೆ ಸುತ್ತಮುತ್ತ ಬಾಣಂತಿಗೆ ಎಣ್ಣೆ ಹಚ್ಚಿ ನೀರು ಹಾಕಬೇಕೆಂದರೆ, ಎಳೆಗೂಸಿಗೆ ಸ್ನಾನ ಮಾಡಿಸಬೇಕೆಂದರೆ ಎಲ್ಲರೂ ಪ್ರೇಮಕ್ಕನನ್ನೇ ಕರೆಯುವುದು. ಅವಳ ಕೈಗುಣದ ಸುದ್ದಿ ಎನ್.ಆರ್. ಪುರದವರೆಗೂ ಹೋಗಿದೆ. ಅಲ್ಲಿಯ ಅಡಿಕೆ ಮಂಡಿಯ ಸುಮಿತ್ರಮ್ಮನವರ ಮಗಳು ಅರ್ಪಣಾ ಟೊರಾಂಟೊದಲ್ಲಿ ಹೆತ್ತಿದ್ದಾಳೆ. ಬಾಣಂತನಕ್ಕೆ ತಾಯಿಯೇ ಹೋಗಬೇಕಿತ್ತು. ಆದರೆ ಅವರ ಹೃದಯಕ್ಕೆ ಸ್ಟೆಂಟ್ ಹಾಕಿ, ಡಾಕ್ಟರು ಸದ್ಯಕ್ಕೆ ವಿಮಾನ ಬೇಡವೆಂದರು. ಅವರು ಪ್ರೇಮಾಳನ್ನು ಕೇಳಿದರು. ಮೂರು ತಿಂಗಳು. ಪಾಸ್‌ಪೋರ್ಟು, ವೀಸಾ ಎಲ್ಲ ಅವರೇ ಓಡಾಡಿ ಮಾಡಿಸಿದರು.

ನಾನು ಬೇಡ ಎಂದೆ. ಅವಳು ಕಾರಣ ಕೇಳಿದಳು. ಚಳಿ ಎಂದೆ. ಸ್ವೆಟರ್ ಇದೆ ಎಂದಳು. ಹೆಂಗಸರು ಹೀಗೆ ಊರೂರು ಹಾರುತ್ತಾ ಕೂರುವುದು ಎಂತದು ಎಂದೆ. ಅವಳು ಪೆಟ್ಟಿಗೆಯ ಧೂಳು ಒರೆಸಿದಳು. ಕೊನೆಗೆ, ತುಂಬಾ ದೂರ ಎಂದೆ. ‘ಎಷ್ಟು ದೂರ?’ ಎಂದು ಕೇಳಿದಳು. ಇಪ್ಪತ್ತೆಂಟು ವರ್ಷದಿಂದ ಜೀಪು ಓಡಿಸುತ್ತಿದ್ದೇನೆ. ಎಷ್ಟು ದೂರ ಎಂಬ ಪ್ರಶ್ನೆಗೆ ನನ್ನ ಬಾಯಲ್ಲಿ ಉತ್ತರ ಇಲ್ಲದೇ ಹೋದದ್ದು ಇದೇ ಮೊದಲು.

ಬೆಳಿಗ್ಗೆ ಅವಳನ್ನು ಎನ್.ಆರ್. ಪುರಕ್ಕೆ ಬಿಟ್ಟುಬಂದೆ. ಅಲ್ಲಿಂದ ಸುಮಿತ್ರಮ್ಮನವರ ಕಾರು ಬೆಂಗಳೂರಿಗೆ. ದಾರಿಯಲ್ಲಿ ನಾನು ಆಡಿದ್ದು ಒಂದೇ ಮಾತು: “ಬಾಗಿಲು ಸರಿ ಹಾಕು.”

“ಕಾರಲ್ಲಿ ಜಾಗ ಇದೆ ಯೋಗೇಂದ್ರ, ಏರ್‌ಪೋರ್ಟಿನ ತನಕ ನೀನೂ ಬಾ,” ಎಂದರು ಸುಮಿತ್ರಮ್ಮ.

“ಗಾಡಿಗೆ ಬಾಡಿಗೆ ಇದೆ ಅಮ್ಮ,” ಎಂದೆ.

ಯಾವ ಬಾಡಿಗೆಯೂ ಇರಲಿಲ್ಲ. ಕೊಪ್ಪಕ್ಕೆ ಬಂದು, ಬಸ್‌ಸ್ಟ್ಯಾಂಡ್ ಎದುರು ಕೂತು ಸಿಟ್ಟಿನಲ್ಲಿ ಎರಡು ಪ್ಲೇಟ್ ಗೋಳಿಬಜೆ ತಿಂದೆ. ಈಗ ಹೊಟ್ಟೆ ಉರಿಯುತ್ತಿದೆ. ಗೋಳಿಬಜೆಗೋ ಸಿಟ್ಟಿಗೋ ಗೊತ್ತಾಗುತ್ತಿಲ್ಲ.

ಜನವರಿ 10, ಶನಿವಾರ

ಇವತ್ತು ನಾನು ಮಾಡಿದ ಕೆಲಸವನ್ನು ಯಾರಾದರೂ ನೋಡಿದ್ದರೆ ಶಿವಮೊಗ್ಗದ ಆಸ್ಪತ್ರೆಗೆ ಸೇರಿಸುತ್ತಿದ್ದರು. ಕ್ರಮವಾಗಿ ಬರೆಯುತ್ತೇನೆ.

ಪ್ರೇಮಾಳ ತಾಯಿ ಗಿರಿಯಮ್ಮ ನಮ್ಮ ಜೊತೆಯಲ್ಲೇ ಇರುವುದು. ಮನೆಯಿಂದ ಯಾರಾದರೂ ಊರಿಗೆ ಹೊರಟರೆ, ಅವರು ಅಲ್ಲಿ ಮುಟ್ಟುವವರೆಗೆ ಇಲ್ಲಿ ಕಸ ಗುಡಿಸಬಾರದು ಎಂಬುದು ಅತ್ತೆಯ ಕಟ್ಟುನಿಟ್ಟು. ಹೋದವರ ದಾರಿಗೆ ಅಪಾಯವಂತೆ. ಶೃಂಗೇರಿಗೋ ಕೊಪ್ಪಕ್ಕೋ ಹೋದರೆ ಮಧ್ಯಾಹ್ನದೊಳಗೆ ಮುಗಿಯುತ್ತದೆ, ಯಾರಿಗೂ ತೊಂದರೆಯಿಲ್ಲ. ಕೆನಡಾ ಎಂದರೆ? ನಿನ್ನೆ ಬೆಳಗಿನಿಂದ ಮನೆ ಗುಡಿಸಿಲ್ಲ. ಜಗಲಿಯ ತುಂಬ ತರಗೆಲೆ, ನನ್ನ ಬೀಡಿ ತುಂಡು, ಅತ್ತೆಯ ಎಲೆಯಡಿಕೆಯ ತೊಟ್ಟು.

“ಎಷ್ಟೊತ್ತಿಗೆ ಮುಟ್ತಾಳೆ ಅಳಿಯಂದ್ರೆ?” ಬೆಳಗಿನಿಂದ ಇದೇ ಪ್ರಶ್ನೆ.

ನನ್ನ ಮೊಬೈಲಿನಲ್ಲಿ ಟಿಕೇಟಿನ ಫೋಟೋ ಇತ್ತು. ಬೆಂಗಳೂರು ಬಿಡುವುದು ಬೆಳಗಿನ ಜಾವ ಮೂರೂವರೆ. ನಡುವೆ ಫ್ರಾಂಕ್‌ಫರ್ಟ್ ಎಂಬಲ್ಲಿ ಇಳಿದು ಬೇರೆ ವಿಮಾನ. ಟೊರಾಂಟೊ ಮುಟ್ಟುವುದು ಮಧ್ಯಾಹ್ನ ಮೂರೂವರೆ. ಹನ್ನೆರಡು ಗಂಟೆ! ಅತ್ತೆಗೂ ಹೇಳಿದೆ, ಜೀಪ್ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಹೇಳಿದೆ.

“ಹನ್ನೆರಡೇ ಗಂಟೆಯಾ? ಕೆನಡಾ ಇಷ್ಟು ಹತ್ರ ಅಂತ ಗೊತ್ತಿರ್ಲಿಲ್ಲ ಮಾರಾಯ,” ಎಂದ ಸುಂದರೇಶ್. ಅವನೂ ಜೀಪಿನವನೇ, ನನ್ನ ಪಕ್ಕದಲ್ಲೇ ಗಾಡಿ ನಿಲ್ಲಿಸುತ್ತಾನೆ.

“ಮೇಲೆ ತಿರುವು ಇಲ್ವಲ್ಲ,” ಎಂದು ವಿವರಿಸಿದೆ. “ನಮ್ದು ದೂರ ಆಗಿದ್ದು ತಿರುವಿಂದ. ರಸ್ತೆ ನೆಟ್ಟಗೆ ಎಳೆದ್ರೆ ಕೊಪ್ಪ ಇಲ್ಲೇ ಇದೆ.”

ಎಲ್ಲರೂ ತಲೆದೂಗಿದರು. ನಾನೂ ನನ್ನ ವಿವರಣೆಗೆ ತಲೆದೂಗಿದೆ.

ಮೂರೂವರೆ ಆಯಿತು. ಅರ್ಧ ಗಂಟೆ ಹೆಚ್ಚೇ ಇರಲಿ ಎಂದು ನಾಲ್ಕರವರೆಗೆ ಕಾದು, “ಮುಟ್ಟಿದ್ಲು, ಗುಡಿಸಿ,” ಎಂದೆ. ಅತ್ತೆ ಇಡೀ ಮನೆ ಗುಡಿಸಿ, ಕಸವನ್ನು ಗೊಬ್ಬರದ ಗುಂಡಿಗೆ ಹಾಕಿ, ದೇವರಿಗೆ ದೀಪ ಹಚ್ಚಿದರು.

ಐದು ಗಂಟೆಗೆ ಬೇಗಾರಿನಲ್ಲಿರುವ ಮಗಳು ಪವಿತ್ರಾಳ ಫೋನು. “ಅಮ್ಮ ಈಗ ಎರಡನೇ ವಿಮಾನ ಹತ್ತಕ್ಕೆ ಕಾಯ್ತಾ ಇರ್ತಾರೆ ಅಲ್ವಾ ಅಪ್ಪ?”

“ಎಂತ ಎರಡನೇ ವಿಮಾನ! ಮೂರೂವರೆಗೇ ಮುಟ್ಟಿ ಆಯ್ತು.”

“ಅಯ್ಯೋ ಅಪ್ಪ, ಅದು ಅಲ್ಲಿಯ ಮೂರೂವರೆ. ನಮ್ಗೆ ಆಗ ಬೆಳಗಿನ ಜಾವ ಎರಡು ಗಂಟೆ. ಇಪ್ಪತ್ತೆರಡೂವರೆ ಗಂಟೆ ದಾರಿ ಅದು.”

ಅತ್ತೆಗೆ ಹೇಳದೆ ವಿಧಿಯಿರಲಿಲ್ಲ. ಫೋನ್ ಇಡುವಾಗ ನನ್ನ ಮುಖ ನೋಡುತ್ತಿದ್ದರು. ತನ್ನ ಮಗಳು ಇನ್ನೂ ಅರ್ಧ ದಾರಿಯಲ್ಲಿರುವಾಗ ಮನೆ ಗುಡಿಸಿಬಿಟ್ಟೆನೆಂದು ಅವರು ಕುಸಿದು ಕೂತರು. ಅಳಲಿಲ್ಲ, ಬೈಯಲೂ ಇಲ್ಲ. ಗೊಬ್ಬರದ ಗುಂಡಿಯ ಕಡೆ ನೋಡಿ, “ಕಸ ವಾಪಸ್ ತನ್ನಿ,” ಎಂದರು.

“ಎಂತ?”

“ಗುಂಡಿಗೆ ಹೋಗಿ ಆ ಕಸ ತಂದು ಹಾಕಿ. ಗುಡಿಸೇ ಇಲ್ಲ ಅಂತ ಆಗತ್ತೆ.”

ಇಂಥದನ್ನೆಲ್ಲ ನಾನು ನಂಬುವವನಲ್ಲ. ಬುಟ್ಟಿ ತೆಗೆದುಕೊಂಡು ಹೋದೆ. ತರಗೆಲೆ, ಬೀಡಿ ತುಂಡು, ಅಡಿಕೆ ಸಿಪ್ಪೆ, ಎಲ್ಲ ಆರಿಸಿ ತಂದು ಜಗಲಿಯಲ್ಲೂ ಒಳಗೂ ಹರಡಿದೆ. ಅತ್ತೆ ಪಕ್ಕದಲ್ಲಿ ನಿಂತು ಎಲ್ಲೆಲ್ಲಿ ಎಷ್ಟಿತ್ತು ಎಂದು ತೋರಿಸಿದರು. ಸಾಲದೆ ಬರಬಾರದೆಂದು ಅಂಗಳದಿಂದ ಒಂದು ಹಿಡಿ ತರಗೆಲೆ ಹೆಚ್ಚಾಗಿ ತಂದು ಹಾಕಿದೆ. ಅದು ಮಾತ್ರ ಅವರು ಹೇಳಿದ್ದಲ್ಲ.

ಜನವರಿ 11, ಭಾನುವಾರ

ಬೆಳಗಾಯಿತು, ಫೋನಿಲ್ಲ. ಎಂಟಾಯಿತು, ಒಂಬತ್ತಾಯಿತು, ಇಲ್ಲ. ಎಸ್ಟೇಟಿನವರು ಕೆಲಸದಾಳು ಕರೆತರಲು ಜೀಪು ಹೇಳಿದ್ದರು. ಬ್ಯಾಟರಿ ಕೆಟ್ಟಿದೆ ಎಂದೆ. ಅತ್ತೆ ಕಸದ ನಡುವೆ ಕಂಬಕ್ಕೆ ಒರಗಿ ಕೂತಿದ್ದರು. ನಾನು ಅವರ ಕಣ್ಣು ತಪ್ಪಿಸಿ ಕೊಟ್ಟಿಗೆಯ ಹಿಂದೆ ಹೋಗಿ ನಿಂತೆ. ‘ಬಾಗಿಲು ಸರಿ ಹಾಕು’ ಎಂಬುದೇ ನಾನು ಅವಳಿಗೆ ಆಡಿದ ಕೊನೆಯ ಮಾತಾಗಿಬಿಟ್ಟರೆ ಎಂದು ಯೋಚನೆ ಬಂತು. ಅಂಥ ಯೋಚನೆ ಬರಬಾರದು, ಬಂತು.

ಹತ್ತೂವರೆಗೆ ಫೋನ್ ಮಾಡಿದಳು. ಟೊರಾಂಟೊದಲ್ಲಿ ಹಿಮ ಬಿದ್ದು ಎರಡನೇ ವಿಮಾನ ಐದು ಗಂಟೆ ತಡವಾಯಿತಂತೆ. ಅಷ್ಟೇ.

“ಊಟ ಆಯ್ತಾ?” ಎಂದು ಕೇಳಿದೆ. ರಾತ್ರಿಯಿಡೀ ಏನೇನೋ ಹೇಳಬೇಕೆಂದುಕೊಂಡಿದ್ದೆ, ಬಾಯಿಗೆ ಬಂದದ್ದು ಅದು.

“ಆಯ್ತು. ಕೇಳಿ, ನನ್ನನ್ನ ಗಾಲಿ ಕುರ್ಚೀಲಿ ಕೂರ್ಸಿ ತಳ್ಕೊಂಡು ಹೋದ್ರು ಮಾರಾಯ್ರೆ! ಭಾಷೆ ಬರ್ದೇ ಇರೋರು ದಾರಿ ತಪ್ಪಬಾರ್ದು ಅಂತ ಟಿಕೇಟಲ್ಲೇ ಹಾಗೆ ಬರೆಸಿದ್ರಂತೆ. ಕಾಲು ಗಟ್ಟಿ ಇದೆ ಅಂತ ಎದ್ದು ನಿಂತೆ. ತಳ್ಳೋ ಹುಡುಗಿ ಹೆದರಿ ಮತ್ತೆ ಕೂರ್ಸಿದ್ಲು. ನಿನ್ನೆ ಮೊನ್ನೆವರ್ಗೆ ಸೌದೆ ಹೊರೆ ಹೊತ್ತೋಳು ನಾನು!”

ಅವಳು ನಕ್ಕಳು. ನಾನೂ ನಗಬಹುದಿತ್ತು, ಆದರೆ ಇನ್ನೂ ಸಿಟ್ಟಿನಲ್ಲಿದ್ದೇನೆಂದು ನೆನಪಾಗಿ ‘ಹೂಂ’ ಎಂದೆ.

ಅತ್ತೆ ಎರಡನೇ ಸಲ ಮನೆ ಗುಡಿಸಿದರು. ಜೀಪಿನ ಬ್ಯಾಟರಿಯೂ ತಾನಾಗಿಯೇ ಸರಿಯಾಯಿತು.

ಜನವರಿ 14, ಬುಧವಾರ

ಬೆಂಗಳೂರಿನಿಂದ ಟೊರಾಂಟೊಗೆ ಹದಿಮೂರು ಸಾವಿರ ಚಿಲ್ಲರೆ ಕಿಲೋಮೀಟರ್ ಎಂದು ಮೊಬೈಲ್ ಹೇಳುತ್ತದೆ. ಇದು ಮೊದಲೇ ಗೊತ್ತಿದ್ದರೆ ಅವಳು ಕೇಳಿದಾಗ ಹೇಳುತ್ತಿದ್ದೆ. ಹೇಳಿದ್ದರೂ ಹೋಗುತ್ತಿದ್ದಳು.

ಎನ್.ಆರ್. ಪುರಕ್ಕೆ ಹೋಗುವಾಗ ಜೀಪಿನಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದಳು. ಆಗ ಮಾತಾಡದೆ ಈಗ ಕಿಲೋಮೀಟರ್ ಹುಡುಕುತ್ತಿದ್ದೇನೆ. ನನ್ನ ಬುದ್ಧಿಗೆ ನಾನೇ ಬಹುಮಾನ ಕೊಡಬೇಕು.

ಜನವರಿ 22, ಗುರುವಾರ

ಅತ್ತೆಗೆ ಮೊಣಕಾಲು ನೋವು ಜೋರಾಗಿದೆ, ಒಲೆ ಮುಂದೆ ಕೂರಲಾಗುವುದಿಲ್ಲ. ಇವತ್ತು ನಾನೇ ಅಕ್ಕಿ ರೊಟ್ಟಿ ಮಾಡಿದೆ. ರೊಟ್ಟಿ ಎಂದು ಹೆಸರು ಇಟ್ಟದ್ದು ನಾನು. ಅತ್ತೆ ಅದನ್ನು ಎತ್ತಿ, ಬೆಳಕಿಗೆ ಹಿಡಿದು, ಎರಡೂ ಕಡೆ ನೋಡಿದರು.

“ಚೆನ್ನಾಗಿದೆ ಅಳಿಯಂದ್ರೆ. ನೀರಲ್ಲಿ ನೆನೆಸಿದ್ರೆ ತಿನ್ನಬೌದು.”

ನೆನೆಸಿ ತಿಂದರು. ನಾನೂ ನೆನೆಸಿ ತಿಂದೆ.

ಫೆಬ್ರವರಿ 1, ಭಾನುವಾರ

ರೊಟ್ಟಿ ಮುರಿಯಲಿಲ್ಲ. ಅತ್ತೆ ಎರಡನೆಯದು ಕೇಳಿದರು. ಅಷ್ಟೇ ಬರೆಯಲು ಡೈರಿ ತೆಗೆದೆ.

ಫೆಬ್ರವರಿ 8, ಭಾನುವಾರ

ದಿನಾ ಸಂಜೆ ಏಳಕ್ಕೆ ಪ್ರೇಮಾಳ ಫೋನು ಬರುತ್ತದೆ. ಅಲ್ಲಿ ಆಗ ಬೆಳಿಗ್ಗೆ ಎಂಟೂವರೆ, ಕೂಸಿನ ಸ್ನಾನ ಮುಗಿದಿರುತ್ತದೆ. ಇವತ್ತಿನ ಸುದ್ದಿ: ಸ್ನಾನವಾದ ಮೇಲೆ ಕೂಸಿನ ತಲೆಗೆ ಸಾಂಬ್ರಾಣಿ ಹೊಗೆ ಹಾಕಿದ್ದಾಳೆ. ಆ ಮನೆಯಲ್ಲಿ ಹೊಗೆ ಬಂದರೆ ಮಾಡಿನಲ್ಲಿ ಗಂಟೆ ಹೊಡೆಯುತ್ತದಂತೆ. ಕಟ್ಟಡದಲ್ಲಿದ್ದವರೆಲ್ಲ ಹೊದ್ದುಕೊಂಡು ಹಿಮದಲ್ಲಿ ಬಂದು ನಿಂತರಂತೆ.

“ಅರ್ಪಣಾನ ಗಂಡ ಈಶಾನ ಎಲ್ರತ್ರನೂ ಕ್ಷಮೆ ಕೇಳ್ತಾ ಓಡಾಡ್ದ. ನಾನು ಕೂಸನ್ನ ಸೆರಗಲ್ಲಿ ಮುಚ್ಕೊಂಡು ನಿಂತಿದ್ದೆ. ಒಬ್ಳು ಚೀನಾದ ಅಜ್ಜಿ ಬಂದು ಕೂಸಿನ ತಲೆ ಮೂಸಿ ನೋಡಿ, ಒಳ್ಳೇದು ಅಂತ ಹೆಬ್ಬೆರಳು ತೋರ್ಸಿದ್ಲು!”

ಇವತ್ತು ನಗುವುದನ್ನು ತಡೆಯಲಾಗಲಿಲ್ಲ. ಸಿಟ್ಟಿನ ವಿಷಯ ನೆನಪಾಗುವಷ್ಟರಲ್ಲಿ ಫೋನ್ ಇಟ್ಟಾಗಿತ್ತು. ನಾಳೆ ನೋಡೋಣ.

ಆಮೇಲೆ ಜೀಪ್ ಸ್ಟ್ಯಾಂಡಿಗೆ ಹೋಗಿ ಹೇಳಿದೆ. ಸುಂದರೇಶ್, “ನಿನ್ ಹೆಂಡ್ತಿ ಕೆನಡಾಕ್ಕೇ ಹೊಗೆ ಹಾಕಿದ್ಲಲ್ಲ,” ಎಂದ. ನನಗೆ ಯಾಕೋ ಹೆಮ್ಮೆಯಾಯಿತು.

ಮಾರ್ಚ್ 9, ಸೋಮವಾರ

ನಿನ್ನೆ ಏಳಕ್ಕೆ ಫೋನ್ ಬರಲಿಲ್ಲ. ಎಂಟರವರೆಗೆ ಮೊಬೈಲನ್ನು ಕಿಟಕಿಯ ಸರಳಿಗೆ ಕಟ್ಟಿ ಕಾದೆ, ಅಲ್ಲೊಂದೇ ನೆಟ್‌ವರ್ಕ್ ಸಿಗುವುದು. ನನ್ನ ಮೇಲೆ ಬೇಸರವೋ, ಮೈಗೆ ಹುಷಾರಿಲ್ಲವೋ? ಕೊನೆಗೆ ನೋಡಿದರೆ ಆರು ಗಂಟೆಗೇ ಮಾಡಿದ್ದಾಳೆ. ನಾನು ಆಗ ಬಾಳೆಹೊನ್ನೂರು ರಸ್ತೆಯಲ್ಲಿದ್ದೆ.

ಅಲ್ಲಿ ಸರ್ಕಾರವೇ ಎಲ್ಲರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದೆಯಂತೆ. ಚಳಿ ಮುಗಿಯಿತಲ್ಲ, ಅದಕ್ಕೆ. ಇನ್ನು ಮೇಲೆ ಆರಕ್ಕೇ ಮನೆಯಲ್ಲಿರಬೇಕು. ಸಂಜೆಯ ಬಾಡಿಗೆ ಸುಂದರೇಶನಿಗೆ ಬಿಟ್ಟುಕೊಟ್ಟೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿದ.

ಮಾರ್ಚ್ 24, ಮಂಗಳವಾರ

ಅವಳು ಬರುವುದು ಏಪ್ರಿಲ್ ಹದಿಮೂರಕ್ಕೆ ಎಂದು ಗಟ್ಟಿಯಾಗಿತ್ತು. ಅತ್ತೆ ಮಾವಿನ ಮಿಡಿ ತರಿಸಿ ಭರಣಿ ತೊಳೆದಿಟ್ಟಿದ್ದಾರೆ. ಇವತ್ತು ಫೋನಿನಲ್ಲಿ ಪ್ರೇಮಾ ಹೇಳಿದಳು: ಈಶಾನನ ತಂಗಿ ರಶ್ಮಿಗೆ ವ್ಯಾಂಕೂವರ್ ಎಂಬ ಊರಲ್ಲಿ ಏಪ್ರಿಲ್ ಕೊನೆಗೆ ಹೆರಿಗೆ. ನೋಡಿಕೊಳ್ಳಲು ಯಾರೂ ಇಲ್ಲ. ಪ್ರೇಮಕ್ಕ ಇನ್ನೂ ಮೂರು ತಿಂಗಳು ಇದ್ದು, ಅಲ್ಲಿಗೆ ಹೋಗಿ ಬಾಣಂತನ ಮಾಡಿಕೊಡಬಹುದೇ ಎಂದು ಎಲ್ಲರೂ ಕೇಳುತ್ತಿದ್ದಾರಂತೆ. ಬೇಕಾದ ಕಾಗದ ಪತ್ರ ಅವರೇ ಮಾಡಿಸುತ್ತಾರಂತೆ.

ನಾನು ಕಿಟಕಿಯ ಸರಳು ಹಿಡಿದುಕೊಂಡೆ.

“ಅದು ಇಲ್ಲಿಂದ ಹತ್ರ ಅಂತಾರೆ ಇವ್ರು,” ಎಂದಳು. “ವಿಮಾನ ಹತ್ತಿ ಎರಡೇ ಗಂಟೇಲಿ ಇಳಿಯದು ಅಂತ ಟಿಕೇಟಲ್ಲಿ ಇದ್ಯಂತೆ. ನಂಗೆ ನಂಬಿಕೆ ಇಲ್ಲ. ನೀವು ಲೆಕ್ಕ ಹಾಕಿ ಹೇಳಿ. ನೀವು ದೂರ ಅಂದ್ರೆ ದೂರ. ನಿಮ್ ಮಾತೇ ಕೊನೆ ಅಂತ ಹೇಳಿದೀನಿ ನಾನು.”

ನನ್ನ ಮಾತೇ ಕೊನೆ! ಮದುವೆಯಾದಲ್ಲಿಂದ ಈ ಮಾತು ಕೇಳಬೇಕೆಂದು ಕಾದಿದ್ದೆ. ಬಂದದ್ದು ಇಂಥ ಹೊತ್ತಿನಲ್ಲಿ.

ಮಾರ್ಚ್ 25, ಬುಧವಾರ

ಬೆಳಿಗ್ಗೆಯೇ ಲೆಕ್ಕ ಹಾಕಿದೆ. ಟೊರಾಂಟೊ ಬಿಡುವುದು ಒಂಬತ್ತಕ್ಕೆ, ವ್ಯಾಂಕೂವರ್ ಮುಟ್ಟುವುದು ಹನ್ನೊಂದೂ ಹತ್ತಕ್ಕೆ. ಈ ಸಲ ನಾನು ಮೋಸ ಹೋಗಲಿಲ್ಲ. ಎರಡೂ ಊರಿನ ಗಡಿಯಾರದ ನಡುವೆ ಮೂರು ಗಂಟೆ ವ್ಯತ್ಯಾಸ, ದೇಶ ಒಂದೇ ಆದರೂ. ಅಂದರೆ ದಾರಿ ಐದು ಗಂಟೆ ಹತ್ತು ನಿಮಿಷ. ದೂರ ಮೂರು ಸಾವಿರದ ಮುನ್ನೂರೈವತ್ತು ಕಿಲೋಮೀಟರ್. ಐದು ಗಂಟೆಯಲ್ಲಿ ನನ್ನ ಜೀಪು ಹಾಸನ ಮುಟ್ಟಿದರೆ ಹೆಚ್ಚು.

ಸುಳ್ಳು ಹೇಳುವುದು ಬಹಳ ಸುಲಭವಿತ್ತು. ‘ಹನ್ನೆರಡು ಗಂಟೆ ಮಾರಾಯ್ತಿ, ಸಮುದ್ರ ದಾಟಬೇಕು’ ಎಂದರೆ ಮುಗಿಯಿತು, ಹದಿಮೂರನೇ ತಾರೀಕು ಮನೆಯಲ್ಲಿರುತ್ತಾಳೆ. ದಿನವಿಡೀ ಜೀಪು ಓಡಿಸುತ್ತಾ ಆ ಸುಳ್ಳನ್ನು ಬಾಯಲ್ಲಿ ಅಭ್ಯಾಸ ಮಾಡಿದೆ. ನಡುವೆ ಒಂದು ಪರ್ವತವನ್ನೂ ಸೇರಿಸಿದೆ. ಆಮೇಲೆ ನೋಡಿದರೆ ಅಲ್ಲಿ ನಿಜಕ್ಕೂ ಪರ್ವತವಿದೆ.

ಆದರೆ ಅವಳು ಆ ಕೂಸಿನ ಸುದ್ದಿ ಹೇಳುವಾಗಿನ ದನಿ ನನಗೆ ಗೊತ್ತು. ಅವಳಿಗೆ ಹೋಗುವ ಆಸೆಯಿದ್ದು, ನಾನು ನನ್ನ ಸಂಕಟಕ್ಕೆ ದೂರ ಹೆಚ್ಚು ಮಾಡಿ ಹೇಳಿದರೆ ನಾಳೆ ಅವಳ ಮುಖ ಹೇಗೆ ನೋಡಲಿ? ಆರು ಗಂಟೆಗೆ ಫೋನ್ ಬಂತು. ಅಲ್ಲಿ ಸ್ಪೀಕರ್ ಹಾಕಿದ್ದರು, ಕೂಸಿನ ದನಿಯೂ ಕೇಳುತ್ತಿತ್ತು. ಎದ್ದು ನಿಂತು ಹೇಳಿದೆ:

“ಐದೇ ಗಂಟೆ. ದೂರ ಅಲ್ಲವೇ ಅಲ್ಲ. ನನ್ ಕಡೆಯಿಂದ ಎಂತ ಅಡ್ಡಿನೂ ಇಲ್ಲ ಪ್ರೇಮಾ. ಹೋಗಿ ಬಾ.”

“ಯೋಗೇಂದ್ರಣ್ಣ ಒಪ್ಪಿದ್ರು!” ಎಂದು ಅರ್ಪಣಾ ಕೂಗಿದಳು. ಪ್ರೇಮಾ ಮಾತಾಡಲಿಲ್ಲ. ಸಂತೋಷಕ್ಕೆ ಇರಬೇಕು ಎಂದುಕೊಂಡೆ.

ಇಂಥ ಗಂಡ ಎಷ್ಟು ಜನಕ್ಕೆ ಸಿಗುತ್ತಾನೆ? ನನಗೆ ನನ್ನ ಮೇಲೆ ಗೌರವ ಬಂದು, ಸಂಜೆಯಿಂದ ಕನ್ನಡಿಯಲ್ಲಿ ಎರಡು ಸಲ ನೋಡಿಕೊಂಡೆ. ಊಟ ಸೇರಲಿಲ್ಲ. ಇನ್ನೂ ಮೂರು ತಿಂಗಳು.

ಮಾರ್ಚ್ 26, ಗುರುವಾರ

ಬೆಳಿಗ್ಗೆ ಐದೂವರೆಗೇ ಫೋನು. ಅವಳು ಪಿಸುಗುಟ್ಟುತ್ತಿದ್ದಳು. ಹಿಂದೆ ಗಡಗಡ ಸದ್ದು.

“ಎಲ್ಲಿದೀಯ? ಎಂತ ಸದ್ದು ಅದು?”

“ಬಟ್ಟೆ ಒಗೆಯೋ ರೂಮಲ್ಲಿದೀನಿ. ಯಾರಿಗೂ ಕೇಳಬಾರ್ದು ಅಂತ ಮಿಷನ್ ಹಾಕ್ದೆ. ನಿಮ್ಗೆ ಬುದ್ಧಿ ಇದ್ಯಾ?”

“ಎಂತಕ್ಕೆ?”

“ಅಷ್ಟು ಬಿಡಿಸಿ ಹೇಳಿದ್ನಲ್ಲ ಮಾರಾಯ್ರೆ! ನೀವು ದೂರ ಅಂದ್ರೆ ದೂರ, ನಿಮ್ ಮಾತೇ ಕೊನೆ ಅಂತ. ನೀವು ಬೇಡ ಅಂತೀರ ಅಂತ ನಂಬ್ಕೊಂಡು, ನಮ್ಮನೆಯವ್ರು ಒಪ್ಪಲ್ಲ ಅಂತ ಇವ್ರಿಗೆ ಆಗ್ಲೇ ಹೇಳಿ ಕೂತಿದ್ದೆ. ಎಂತಕ್ಕೂ ಬೇಡ ಅನ್ನೋರು, ಇದಕ್ಕೆ ಹೋಗಿ ಬಾ ಅಂದ್ರಿ!”

ನಾನು ಮೊಬೈಲಿನ ಹತ್ತಿರಕ್ಕೆ ಬಗ್ಗಿದೆ.

“ನೀನೇ ಬೇಡ ಅನ್ನಬೌದಿತ್ತಲ್ಲ?”

“ಹೆಂಗೆ ಅನ್ನದು? ಮನೆಯವಳ ಹಾಗೆ ನೋಡ್ಕೊಂಡಿದಾರೆ. ಎದ್ರಿಗೆ ಕೂತು ಬೇಡ ಅನ್ನಕ್ಕೆ ಬಾಯಿ ಬರಲ್ಲ ನಂಗೆ.” ಮಿಷನ್ ಸದ್ದಿನ ನಡುವೆ ಅವಳು ಮೂಗು ಒರೆಸಿಕೊಂಡದ್ದು ಕೇಳಿಸಿತು. “ನಂಗೆ ಸಾಕಾಗಿದೆ. ಕೂಸು ಚೆನ್ನಾಗಿದೆ, ಇವ್ರೂ ಒಳ್ಳೇವ್ರು. ಆದ್ರೆ ಇಲ್ಲಿ ಬಾಗಿಲು ತೆಗೆದು ಸುಮ್ನೆ ನಿಂತ್ಕೊಳ್ಳೋ ಹಾಗಿಲ್ಲ. ದಾರೀಲಿ ಹೋಗೋರು ಮಾತಾಡ್ಸಲ್ಲ. ನಿಮ್ ಗೊಣಗಾಟ ಇಲ್ದೆ ನಿದ್ದೆ ಹತ್ತಲ್ಲ. ಬಂದ್ಬಿಡ್ತೀನಿ.”

ಎದುರು ಕೂತು ಬೇಡ ಅನ್ನಲು ನಮ್ಮ ಕಡೆ ಯಾರಿಗೂ ಬರುವುದಿಲ್ಲ. ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದರೆ ಬೇಡ ಎಂದೇ ಅರ್ಥ, ಇದು ಬಸರೀಕಟ್ಟೆಯಲ್ಲಿ ಎಲ್ಲರಿಗೂ ಗೊತ್ತು. ಗೊತ್ತಾಗದೆ ಹೋದದ್ದು ನನಗೊಬ್ಬನಿಗೆ, ಅದೂ ನನ್ನ ಹೆಂಡತಿ ಹೇಳಿದಾಗ. ಜನ್ಮದಲ್ಲಿ ಒಮ್ಮೆ ದೊಡ್ಡ ಮನಸ್ಸು ಮಾಡಿದರೆ ಹೀಗಾಗುತ್ತದೆ.

“ಅಳಬೇಡ,” ಎಂದೆ. “ನಾನು ನೋಡ್ಕೊಳ್ತೀನಿ.”

ಫೋನ್ ಇಟ್ಟ ಮೇಲೆ ಕೊಟ್ಟಿಗೆಯ ಹಿಂದೆ ಹೋಗಿ ಒಬ್ಬನೇ ನಕ್ಕೆ. ಬಂದುಬಿಡುತ್ತೇನೆ ಎಂದಳಲ್ಲ.

ಮಾರ್ಚ್ 27, ಶುಕ್ರವಾರ

ಸಂಜೆ ನಾನೇ ಅರ್ಪಣಾಳಿಗೆ ಫೋನ್ ಮಾಡಿದೆ. ಮೊದಲು ಒಂದು ಬೀಡಿ ಸೇದಿ ಮುಖ ಗಂಟು ಹಾಕಿಕೊಂಡೆ, ಫೋನಿನಲ್ಲಿ ಕಾಣುವುದಿಲ್ಲವಾದರೂ.

“ಅರ್ಪಣಮ್ಮ, ಮೊನ್ನೆ ಹೇಳಿದ್ದು ಹೇಳಿದ್ದಲ್ಲ. ಪ್ರೇಮಾ ಮೊದ್ಲೇ ಹೇಳಿದ್ ದಿನಕ್ಕೆ ಹೊರಡ್ಲೇಬೇಕು.”

“ಯಾಕೆ ಯೋಗೇಂದ್ರಣ್ಣ, ಊರಲ್ಲಿ ಏನಾದ್ರೂ ತೊಂದ್ರೆನಾ?”

“ತೊಂದ್ರೆ ಎಂತದೂ ಇಲ್ಲ. ನಂಗೆ ಇಷ್ಟ ಇಲ್ಲ, ಅಷ್ಟೆ. ಹೆಂಗಸ್ರು ಹಿಂಗೆ ಊರೂರು ಹಾರ್ತಾ ಕೂರದು ಎಂತದು?”

“ಐದೇ ಗಂಟೆ ಅಂತ ನೀವೇ ಹೇಳಿದ್ರಲ್ಲ!”

“ಐದು ನಿಮಿಷ ಆದ್ರೂ ಬೇಡ. ನಾನು ಒಂದ್ಸಲ ಬೇಡ ಅಂದ್ರೆ ಬೇಡ.”

ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು. ನಾಟಕದಲ್ಲಿ ಪಾರ್ಟು ಮಾಡಿದವನಲ್ಲ ನಾನು. ಈ ಮಾತುಗಳೆಲ್ಲ ಎಲ್ಲಿಂದ ಬಂದವೋ, ಎಲ್ಲೋ ಕೇಳಿದ ಹಾಗಿತ್ತು.

ಆ ಕಡೆಯಿಂದ ಪ್ರೇಮಾಳ ದನಿ ಕೇಳಿಸಿತು. “ಎಂತ ಮಾಡದು ಅರ್ಪಣಾ, ಅವ್ರು ಹಂಗೇ. ಹಠ ಅಂದ್ರೆ ಹಠ. ನನ್ ಹಣೆಬರ.” ಆ ದನಿ ನನಗೆ ಗೊತ್ತು. ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡಿದ್ದಾಳೆ.

ಮಾರ್ಚ್ 31, ಮಂಗಳವಾರ

ಸುದ್ದಿ ಊರೆಲ್ಲ ಹಬ್ಬಿದೆ. ಸುಮಿತ್ರಮ್ಮ ಫೋನ್ ಮಾಡಿ ಇಪ್ಪತ್ತು ನಿಮಿಷ ಬುದ್ಧಿ ಹೇಳಿದರು. ಪವಿತ್ರಾ, “ಅಮ್ಮನ ಏಳಿಗೆ ನೋಡಕ್ಕೆ ಆಗಲ್ವಾ ಅಪ್ಪ ನಿಮ್ಗೆ?” ಎಂದಳು. ಸುಂದರೇಶ್ ಸ್ಟ್ಯಾಂಡಿನಲ್ಲಿ ಎಲ್ಲರೆದುರು, “ಸಂಜೆ ಬಾಡಿಗೆ ಬಿಟ್ಟು ಫೋನಿಗೆ ಕಾಯ್ತಿದ್ದೆ ಅಲ್ವಾ, ಬದಲಾಗಿದೀಯ ಅಂದ್ಕೊಂಡಿದ್ದೆ ಮಾರಾಯ,” ಎಂದು ಬೇಸರ ಮಾಡಿಕೊಂಡ.

ಅತ್ತೆಯದೇ ಹೆಚ್ಚು ಕಷ್ಟ. ರೊಟ್ಟಿ ಬಡಿಸಿದರೆ ತಟ್ಟೆ ಸರಿಸಿದರು. “ಇಷ್ಟು ದಿನ ಒಳ್ಳೇವ್ರಾಗಿದ್ರಿ ಅಳಿಯಂದ್ರೆ. ಮತ್ತೆ ಶುರುವಾಯ್ತಾ?”

ನಿಜ ಹೇಳಿದರೆ ಸಂಜೆಯೊಳಗೆ ಬಸರೀಕಟ್ಟೆಗೆಲ್ಲ ತಿಳಿಯುತ್ತದೆ, ರಾತ್ರಿಯೊಳಗೆ ಎನ್.ಆರ್. ಪುರಕ್ಕೆ ಮುಟ್ಟುತ್ತದೆ. ಅಷ್ಟು ಚೆನ್ನಾಗಿ ನೋಡಿಕೊಂಡರೂ ಪ್ರೇಮಕ್ಕ ಒಲ್ಲೆನೆಂದು ಬಂದಳು ಎಂದಾಗುತ್ತದೆ. ಬೇಡ. ಬೈಸಿಕೊಳ್ಳುವುದಕ್ಕೆ ನಾನಿದ್ದೇನಲ್ಲ. ರಶ್ಮಿಗೆ ಅಲ್ಲಿಯೇ ಒಬ್ಬ ಪಂಜಾಬಿ ಹೆಂಗಸು ಸಿಕ್ಕಿದ್ದಾಳಂತೆ, ಆ ಭಾರವೂ ಇಳಿಯಿತು.

ನಾಲ್ಕು ಕಡೆ ಬೈಸಿಕೊಂಡು ಬಂದು ಇಷ್ಟು ಹಗುರವಾಗಿ ಮಲಗುವುದು ಹೇಗೆ ಸಾಧ್ಯವೋ ಕಾಣೆ.

ಏಪ್ರಿಲ್ 14, ಮಂಗಳವಾರ

ನಿನ್ನೆ ಬೆಳಿಗ್ಗೆ ಬಂದಳು. ನಾನು ಹಿಂದಿನ ದಿನವೇ ಜೀಪನ್ನು ಎನ್.ಆರ್. ಪುರದಲ್ಲಿ ಬಿಟ್ಟು, ಸುಮಿತ್ರಮ್ಮನವರ ಕಾರಿನಲ್ಲಿ ಏರ್‌ಪೋರ್ಟಿಗೆ ಹೋಗಿದ್ದೆ. ಮೊಮ್ಮಗಳ ಸುದ್ದಿ ಮೊದಲು ಕೇಳಬೇಕೆಂದು ಅವರೂ ಬಂದಿದ್ದರು. ಪ್ರೇಮಾ ಟ್ರಾಲಿ ತಳ್ಳಿಕೊಂಡು ನಡೆದೇ ಬಂದಳು. ಗಾಲಿ ಕುರ್ಚಿಯವರನ್ನು ಓಡಿಸಿದಳಂತೆ. ಸ್ವಲ್ಪ ಬೆಳ್ಳಗಾಗಿದ್ದಳು. ನನ್ನನ್ನು ನೋಡಿ ತಕ್ಷಣ ಮುಖ ಬೇರೆ ಕಡೆ ತಿರುಗಿಸಿದಳು. ಸುಮಿತ್ರಮ್ಮ ಪಕ್ಕದಲ್ಲಿದ್ದರಲ್ಲ, ನಾನೂ ಮುಖ ಗಂಟಿಕ್ಕಿ ಬ್ಯಾಗ್ ಎತ್ತಿಕೊಂಡೆ.

ದಾರಿಯುದ್ದಕ್ಕೂ ಇದೇ ನಾಟಕ. ನಾನು ಮುಂದೆ ಡ್ರೈವರ್ ಪಕ್ಕ, ಅವರಿಬ್ಬರು ಹಿಂದೆ.

“ಎಂಥ ಅವಕಾಶ ತಪ್ಪಿಸ್ದೆ ಯೋಗೇಂದ್ರ. ನಿನ್ನಂಥವ್ರಿಂದ್ಲೇ ಹೆಣ್ಮಕ್ಳು ಮುಂದೆ ಬರ್ದೇ ಇರದು,” ಎಂದು ತುಮಕೂರಿನಲ್ಲಿ ಶುರುಮಾಡಿದ ಸುಮಿತ್ರಮ್ಮ ಅರಸೀಕೆರೆ ದಾಟುವವರೆಗೂ ನಿಲ್ಲಿಸಲಿಲ್ಲ.

“ಬಿಡಿ ಅಮ್ಮ, ಅವ್ರಿಗೆ ಹೇಳಿ ಪ್ರಯೋಜನ ಇಲ್ಲ,” ಎನ್ನುತ್ತಿದ್ದಳು ಪ್ರೇಮಾ, ಪ್ರತಿ ಸಲವೂ ನನ್ನ ಸೀಟಿಗೆ ಹಿಂದಿನಿಂದ ಮೊಣಕಾಲಲ್ಲಿ ಮೆಲ್ಲಗೆ ಗುದ್ದುತ್ತಾ. ನಾನು ಕಿಟಕಿಯ ಹೊರಗೆ ತೆಂಗಿನ ಮರ ನೋಡುತ್ತಾ ಕೂತಿದ್ದೆ.

ಎನ್.ಆರ್. ಪುರದಲ್ಲಿ ಊಟ ಮುಗಿಸಿ ಜೀಪು ಹತ್ತಿದೆವು. ಪೇಟೆ ದಾಟಿ ಮೊದಲ ತಿರುವು ಕಳೆಯಿತೋ ಇಲ್ಲವೋ, ಅವಳು ನಗಲು ಶುರುಮಾಡಿದಳು. ನಾನೂ ನಕ್ಕೆ. ಗಾಡಿಯನ್ನು ಬದಿಗೆ ನಿಲ್ಲಿಸಿ ನಗಬೇಕಾಯಿತು. ಎದುರಿನಿಂದ ಬಂದ ಬಸ್ಸಿನವನು ನಿಧಾನ ಮಾಡಿ, ಏನಾಯಿತೆಂದು ನೋಡಿ ಹೋದ.

ಕೊಪ್ಪ ದಾಟಿದ ಮೇಲೆ ಅವಳು ನನ್ನ ಕಡೆ ತಿರುಗಿ ಕೂತಳು.

“ಆವತ್ತು ಐದೇ ಗಂಟೆ, ಹೋಗಿ ಬಾ ಅಂದ್ರಲ್ಲ,” ಎಂದಳು. “ಮನಸ್ಸಿಂದ ಹೇಳಿದ್ದಾ?”

“ಹೌದು.”

“ಸಿಟ್ಟಲ್ಲಿ ಅಲ್ಲ?”

“ಅಲ್ಲ. ನಿಂಗೆ ಆಸೆ ಇದೆ ಅಂದ್ಕೊಂಡೆ.”

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ, “ಇನ್ನೊಂದ್ಸಲ ಹೇಳಿ ನೋಡನ,” ಎಂದಳು.

“ಎಂತ?”

“ಅದೇ, ಹೋಗಿ ಬಾ ಅಂತ. ಇಷ್ಟು ವರ್ಷದಲ್ಲಿ ಒಂದ್ಸಲ ಹೇಳಿದ್ರಿ, ಅದನ್ನೂ ನಾನೇ ಬೈದು ಹಾಳು ಮಾಡ್ದೆ. ನನ್ ಎದ್ರಿಗೆ ಒಂದ್ಸಲ ಹೇಳಿ.”

ರಸ್ತೆ ನೋಡುತ್ತಾ ಬಾಯಿ ತೆರೆದೆ. ಫೋನಿನಲ್ಲಿ ಎದ್ದು ನಿಂತು ಹೇಳಿದ ಮಾತು, ಅವಳು ಪಕ್ಕದಲ್ಲಿ ಕೂತಿರುವಾಗ ಬರಲೇ ಇಲ್ಲ. ಎರಡು ಸಲ ಪ್ರಯತ್ನಪಟ್ಟೆ.

“ಹೋಗ್ಬೇಡ ಮಾರಾಯ್ತಿ,” ಎಂದೆ. “ನೀನಿಲ್ದೆ ಆಗಲ್ಲ ನಂಗೆ.”

ನಗುತ್ತಾಳೆ ಎಂದುಕೊಂಡೆ, ನಗಲಿಲ್ಲ. ಗೇರ್ ಹಿಡಿಯ ಮೇಲಿದ್ದ ನನ್ನ ಕೈಯ ಮೇಲೆ ತನ್ನ ಕೈಯಿಟ್ಟಳು. ಮುಂದೆ ಏರು ಶುರುವಾಗಿತ್ತು, ಎರಡನೇ ಗೇರಿಗೆ ಹಾಕಬೇಕಿತ್ತು. ನಾನು ಕೈ ಅಲ್ಲಾಡಿಸಲಿಲ್ಲ. ಜೀಪು ಒದ್ದಾಡುತ್ತಾ ಮೂರನೆಯದರಲ್ಲೇ ಹತ್ತಿತು.